ಗಂಡಂದಿರ ಬೆಂಚು

ಪ್ರಧಾನಮಂತ್ರಿಗಳ ಗಂಡ ನಮ್ಮೂರಿಗೆ ಬಂದದ್ದು ನಮ್ಮ ಪಂಚಾಯತಿ ಆಫೀಸಿನ ಪಾಯಖಾನೆ ಚೊಕ್ಕಟವಾಗಿತ್ತು ಎಂಬ ಒಂದೇ ಕಾರಣಕ್ಕೆ. ನಗುವವರು ಈಗಲೇ ಸ್ವಲ್ಪ ನಕ್ಕು, ಉಳಿದದ್ದನ್ನು ಮುಂದಕ್ಕೆ ಇಟ್ಟುಕೊಳ್ಳಿ.

ಪ್ರಧಾನಿ ಮೇಡಂ ಅವರಿಗೆ ಅಂದು ಬೆಳಗಾವಿಯಲ್ಲಿ ದೊಡ್ಡ ಕಾರ್ಯಕ್ರಮ. ಅವರ ಪತಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ವೇದಿಕೆಯ ಮೇಲೆ ಕೂತು ಕೈ ಬೀಸುವುದರ ಬದಲು ಹಲಸಿಯ ಕದಂಬರ ಗುಡಿ ನೋಡಿ ಬರುತ್ತೇನೆ ಅಂದರಂತೆ. ಖಾನಾಪುರದಿಂದ ಹಲಸಿಗೆ ಹೋಗುವ ದಾರಿಯಲ್ಲಿದೆ ನಮ್ಮೂರು. ಹಿರಿಯರು ಕೈಕಾಲು ತೊಳೆದು ಚಹಾ ಕುಡಿಯಲು ಒಂದು ಜಾಗ ಬೇಕೆಂದು ಹುಡುಕಿದ ಅಧಿಕಾರಿಗಳಿಗೆ ನಮ್ಮ ಪಂಚಾಯತಿ ಹಿಡಿಸಿತು.

ಆ ಪಾಯಖಾನೆಯನ್ನು ಹಟ ಹಿಡಿದು ಕಟ್ಟಿಸಿದ್ದು ಅಧ್ಯಕ್ಷೆ ಅಕ್ಕವ್ವ. ಅಕ್ಕವ್ವ ನನ್ನ ಹೆಂಡತಿ. ನಾನು ಬಾಳಪ್ಪ.

ನಮ್ಮ ಪಂಚಾಯತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಅಕ್ಕವ್ವನನ್ನು ಚುನಾವಣೆಗೆ ನಿಲ್ಲಿಸಿದವನು ನಾನೇ. ಗೆದ್ದವಳು ಅವಳು, ಹಾರ ಹಾಕಿಸಿಕೊಂಡವನು ನಾನು. ಅಂದಿನಿಂದ ಸಹಿಯೊಂದು ಅವಳದು, ಮಿಕ್ಕಿದ್ದೆಲ್ಲ ನನ್ನದು. ಅವಳ ಮೊಬೈಲು ನನ್ನ ಕೈಯಲ್ಲಿ, ಅವಳ ಕುರ್ಚಿ ನನ್ನ ಕೆಳಗೆ, ಅವಳ ಹೆಸರಿಗೆ ಬಂದ ಟಪಾಲು ಒಡೆಯುವವನು ನಾನು. ಅಧ್ಯಕ್ಷರ ಶಿಕ್ಕಾ, ಅಂದರೆ ರಬ್ಬರ್ ಮೊಹರು, ಸದಾ ನನ್ನ ಅಂಗಿಯ ಜೇಬಿನಲ್ಲಿ. ಎಲ್ಲ ಅಂಗಿಗಳ ಜೇಬಿಗೂ ನೀಲಿ ಮಸಿ ಹತ್ತಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗೆ ಮೆರೆದೆ. ಅಕ್ಕವ್ವ ಮೊದಮೊದಲು ಜಗಳವಾಡಿದಳು. ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಒಪ್ಪಿಗೆ ಅಂದುಕೊಂಡೆ, ದಡ್ಡ.

ಅವಳಿಗೆ ಬೇಕಾಗಿದ್ದುದು ಒಂದೇ, ಹಳ್ಳಕ್ಕೊಂದು ಕಾಲುಸೇತುವೆ. ಹಳ್ಳದಾಚೆ, ಅಡವಿಯ ಅಂಚಿಗೆ ಎಮ್ಮೆ ಸಾಕುವ ಗೌಳಿಗರ ಹನ್ನೆರಡು ಮನೆಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಲ್ಲಿನ ಮಕ್ಕಳಿಗೆ ನಾಲ್ಕು ತಿಂಗಳು ಶಾಲೆ ಇಲ್ಲ. ಅವರಲ್ಲೊಬ್ಬ ಮುದುಕಿ ಭರಮವ್ವನ ಮೊಮ್ಮಗಳು ಹಾಗೆಯೇ ಏಳನೆಯ ಇಯತ್ತೆಗೆ ಶಾಲೆ ಬಿಟ್ಟಳು. ಆ ಹುಡುಗಿ ಎಮ್ಮೆ ಹೊಡೆದುಕೊಂಡು ಹೋಗುವುದನ್ನು ಕಂಡ ದಿನ ಅಕ್ಕವ್ವ ಊಟ ಮಾಡಲಿಲ್ಲ. ಸೇತುವೆಯ ಕೆಲಸಕ್ಕೆಂದು ನಾನು ಆರು ಸಲ ಬೆಳಗಾವಿಗೆ ಹೋದೆ. ಆರು ಸಲವೂ ಅಲ್ಲಿನ ಸಿಹಿತಿಂಡಿ ಕುಂದಾ ತಂದೆ, ಮಂಜೂರಾತಿ ತರಲಿಲ್ಲ.

ಮಾಸ್ತರರು ಬರುವ ಮುಂಚೆ ಒಂದು ಫೋನು ಬಂತು. ಆ ಕಡೆಯವರು ಹಿಂದಿಯಲ್ಲಿ, ಅಧ್ಯಕ್ಷರು ಮಾತಾಡುತ್ತಿದ್ದೀರಾ ಎಂದು ಕೇಳಿದರು. ನಾನು ರೂಢಿಯಂತೆ "ಹಾಂ ಜೀ" ಅಂದೆ. ಹೀಗಾಗಿ ಮುಂದಿನ ಸಾಲಿನ ಕುರ್ಚಿಗೆ "ಶ್ರೀ ಬಾಳಪ್ಪ, ಅಧ್ಯಕ್ಷರು" ಎಂಬ ಚೀಟಿ ಬಿತ್ತು. ಅಕ್ಕವ್ವ ಆ ಚೀಟಿ ಓದಿದಳು, ನನ್ನ ಮುಖ ನೋಡಿದಳು, ಆರತಿ ತಟ್ಟೆ ಹಿಡಿದುಕೊಂಡು ಹೆಂಗಸರ ಜೊತೆ ಬಾಗಿಲ ಬಳಿ ನಿಂತಳು.

ಮಾಸ್ತರರು ಬಂದರು. ಸಾದಾ ಅಂಗಿ, ಧೂಳು ಹತ್ತಿದ ಚಪ್ಪಲಿ. ಸೊಲ್ಲಾಪುರದ ಕಡೆಯವರಂತೆ, ಮರಾಠಿ ಬೆರೆಸಿದ ನಮ್ಮದೇ ಕನ್ನಡ. ಜೊತೆಗೆ ಜಿಲ್ಲಾ ಪಂಚಾಯತಿಯ ಸಿಇಓ ಸಾಹೇಬರು. ನಾನು ಮಾಸ್ತರರಿಗೆ ಶಾಲು ಹೊದಿಸಿದ್ದೇ ಸೇತುವೆಯ ಅರ್ಜಿಯನ್ನು ಅವರ ಕೈಗೆ ಹಿಡಿಸಿದೆ.

"ಮೇಡಮ್ಮರಿಗೆ ನೀವು ಒಂದ ಮಾತ ಹೇಳಿದ್ರ ಸಾಕ್ರಿ," ಅಂದೆ.

ಮಾಸ್ತರರು ಅರ್ಜಿಯ ಕೊನೆ ನೋಡಿದರು. "ಇಲ್ಲಿ ಅಧ್ಯಕ್ಷರು ಅಕ್ಕವ್ವ ಅಂತ ಸಹಿ ಐತಲ್ರಿ. ಅಕ್ಕವ್ವ ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನ ಕೈ ಶಿಕ್ಕಾ ಇದ್ದ ಜೇಬಿಗೆ ಹೋಯಿತು. ಬಾಗಿಲಿನಿಂದ ಅಕ್ಕವ್ವ ಮುಂದೆ ಬಂದಳು.

"ಅಧ್ಯಕ್ಷರು ನಾನ ರೀ. ಇವ್ರು ನಮ್ಮ ಮನಿಯವ್ರು."

ಎರಡೇ ಮಾತು. ಎರಡು ವರ್ಷಗಳಿಂದ ಅವಳು ನುಂಗಿಕೊಂಡದ್ದೆಲ್ಲ ಅದರಲ್ಲಿತ್ತು. ಇಡೀ ಊರು ನನ್ನನ್ನೇ ನೋಡುತ್ತಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕಪ್ಪ ಅನಿಸಿತು.

ಮಾಸ್ತರರು ಬಯ್ಯಲಿಲ್ಲ. ಮಸಿ ಹತ್ತಿದ ನನ್ನ ಜೇಬನ್ನು ನೋಡಿ ನಕ್ಕರು. "ಹಂಗಾದ್ರ ನೀವು ನಮ್ಮ ಕುಲದವ್ರು. ಬರ್ರಿ, ನಮ್ಮಿಬ್ಬರ ಜಾಗಾ ಅಲ್ಲೈತಿ," ಎಂದು ನನ್ನ ಕೈ ಹಿಡಿದು ಗೋಡೆಯ ಪಕ್ಕದ ಬೆಂಚಿಗೆ ಕರೆದುಕೊಂಡು ಹೋದರು. ಹೋಗುವ ಮುಂಚೆ ಅರ್ಜಿಯನ್ನು ಅಕ್ಕವ್ವನಿಗೆ ವಾಪಸು ಕೊಟ್ಟರು. "ವಹಿನಿ, ನನಗ ಯಾರೂ ಓಟು ಹಾಕಿಲ್ಲ. ನಾ ಕಾಗದ ಒಯ್ದರ ಅದು ಅಡಗಿಮನಿ ಬಾಗಲದಾಗಿಂದ ಸರಕಾರದೊಳಗ ಹೊಕ್ಕಂಗ ಆಗ್ತೈತಿ. ಸಾಹೇಬ್ರು ಇಲ್ಲೇ ಅದಾರ. ನಿಮ್ಮ ಕುರ್ಚಿ ಮ್ಯಾಲ ಕುಂತು ನೀವ ಹೇಳ್ರಿ."

ಮರಾಠಿಯಲ್ಲಿ ವಹಿನಿ ಅಂದರೆ ಅತ್ತಿಗೆ. ಅಕ್ಕವ್ವ ಕುರ್ಚಿಯ ಮೇಲಿನ ಚೀಟಿ ಕಿತ್ತು, ಮಡಚಿ, ಕೂತಳು.

ಬೆಂಚಿಗೆ ನಮಗಿಬ್ಬರಿಗೂ ಚಹಾ ಬಂತು. ಮಾಸ್ತರರು ತಾವಾಗಿಯೇ ಮಾತು ತೆಗೆದರು.

"ನಮ್ಮಾಕಿ ಮೊದಲನೇ ಸಲ ಮಂತ್ರಿ ಆದಾಗ ನಾನೂ ಫೋನ್ ಎತ್ತತಿದ್ದೆ. ಒಬ್ಬಾಂವ ವರ್ಗಾವಣಿ ಕೇಳಿದ. ಮಾಡೂಣು ಬಿಡ್ರಿ ಅಂದೆ. ಆಕಿ ಒಂದು ತಿಂಗಳ ನನ್ನ ಕೂಡ ಮಾತಾಡಲಿಲ್ಲ."

"ಮತ್ತ ನಮ್ಮ ಕೆಲಸರ ಏನ್ರಿ?" ನನ್ನ ಮಾತಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು. "ಬರೇ ಚಾ ಕುಡಿಯೂದ?"

"ಅದನ್ನ ಯಾರೂ ಬರದಿಟ್ಟಿಲ್ಲ ನೋಡ್ರಿ. ನಾ ತಿಳಕೊಂಡಿದ್ದು ಇಷ್ಟ. ಆಫೀಸಿನಾಗ ಎಲ್ಲಾರೂ ಆಕಿಗೆ ಹೌದು ಹೌದು ಅಂತಾರ. ತಪ್ಪಿದ್ದಲ್ಲಿ ಅಲ್ಲ ಅನ್ನಾಕ ಮನ್ಯಾಗ ಒಬ್ಬರು ಬೇಕು. ಹೊತ್ತಿಗೆ ಸರಿಯಾಗಿ ಉಂಡಾಳೋ ಇಲ್ಲೋ ನೋಡಬೇಕು. ಆಕಿ ಏನರ ತಾ ಅಂದ್ರ ಓಡಿ ಹೋಗಿ ತರಬೇಕು."

ಅಷ್ಟರಲ್ಲಿ ಆ ಕಡೆ ಮಾತು ಬಿಸಿಯಾಗಿತ್ತು. ಅಕ್ಕವ್ವನಿಗೆ ಹಳ್ಳದ ಅಗಲ ಗೊತ್ತು, ಮಕ್ಕಳ ಹೆಸರು ಗೊತ್ತು, ಯಾವ ಮಗು ಎಷ್ಟು ದಿನ ಶಾಲೆ ತಪ್ಪಿಸಿತು ಎನ್ನುವುದೂ ಗೊತ್ತು. ಆರು ಸಲ ಬೆಳಗಾವಿಗೆ ಹೋದ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಸಾಹೇಬರು ಬರೆದುಕೊಳ್ಳುತ್ತ ತಲೆ ಎತ್ತಿದರು. "ಎಲ್ಲ ಸರಿ ಅಮ್ಮ. ಆಚೆ ದಡ ಅರಣ್ಯದ ಜಾಗ. ಅರಣ್ಯ ಇಲಾಖೆಯ ಒಪ್ಪಿಗೆ ಪತ್ರ ಫೈಲಿನಲ್ಲಿ ಇಲ್ಲ. ಅದಕ್ಕೇ ನಿಂತಿದೆ."

"ಹೋದ ವರ್ಷನ ತಂದೇನ್ರಿ. ನಾನ ರೇಂಜರ್ ಆಫೀಸಿಗೆ ನಾಕು ಸಲ ಹೋಗಿ ತಂದೇನಿ. ಇವ್ರ ಕೈಯಾಗ ಕೊಟ್ಟು ಕಳಿಸೇನಿ." ಅಕ್ಕವ್ವ ನನ್ನ ಕಡೆ ತಿರುಗಿದಳು. "ಏನ್ರೀ, ಎಲ್ಲೈತಿ ಅದು?"

ಆ ಪತ್ರ ಮನೆಯ ಟ್ರೆಝರಿ ಕಪಾಟಿನಲ್ಲಿ, ನನ್ನ ಮಡಚಿಟ್ಟ ಅಂಗಿಗಳ ಕೆಳಗಿತ್ತು. ಬೆಳಗಾವಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಓದಿಯೂ ಇರಲಿಲ್ಲ. ಭರಮವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಓಡ್ರಿ," ಎಂದು ಮಾಸ್ತರರು ಮೆಲ್ಲಗೆ ಅಂದರು.

ಓಡಿದೆ. ಐವತ್ತೆಂಟು ವರ್ಷದ ಗಂಡಸು ಧೋತರ ಎತ್ತಿ ಕಟ್ಟಿಕೊಂಡು ಊರ ನಡುವೆ ಓಡಿದೆ. ನಾಯಿಗಳು ಬೆನ್ನು ಹತ್ತಿದವು. ಪತ್ರ ತಂದು, ಏದುಸಿರು ಬಿಡುತ್ತ, ಸಾಹೇಬರಿಗಲ್ಲ, ಅಕ್ಕವ್ವನ ಕೈಗೆ ಕೊಟ್ಟೆ. ಜೇಬಿನ ಶಿಕ್ಕಾ ತೆಗೆದು ಅದರ ಪಕ್ಕದಲ್ಲಿಟ್ಟೆ. ಅವಳು ಅಡ್ಡ ಸರಿದಿದ್ದ ನನ್ನ ಟೊಪ್ಪಿಗೆಯನ್ನು ಎಲ್ಲರ ಎದುರಿಗೇ ನೆಟ್ಟಗೆ ಮಾಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ದೊಡ್ಡ ಸನ್ಮಾನ ಆಗಿರಲಿಲ್ಲ.

ಮಾಸ್ತರರು ಹೊರಟಾಗ ಹೆಂಗಸರು ಅಡ್ಡ ನಿಂತರು. ಪ್ರಧಾನಿಯಾದರೇನು, ನಮ್ಮ ಸೀಮೆಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸಬಾರದು ಎಂಬುದು ಅಕ್ಕವ್ವನ ಹಟ. ಅಕ್ಕಿ, ಕಾಯಿ, ಖಣ, ಉತ್ತತ್ತಿ, ಅರಿಷಿಣದ ಬೇರು ಎಲ್ಲ ಸಿದ್ಧವಾಗಿತ್ತು. ಕಾವಲಿನವರು ತಕರಾರು ತೆಗೆದರು. ಮಾಸ್ತರರು ಕೈಯೆತ್ತಿ ತಡೆದರು.

"ಅರ್ಜಿ ಒಯ್ಯಾಕ ನನಗ ಹಕ್ಕಿಲ್ಲ. ಇದನ್ನ ಒಯ್ಯಾಕ ನನ್ನ ಬಿಟ್ರ ಮತ್ಯಾರಿಗೂ ಹಕ್ಕಿಲ್ಲ. ನಿಮ್ಮ ಟಾವೆಲ್ ಕೊಡ್ರಿ ಬಾಳಪ್ಪಾರ."

ನನ್ನ ಹೆಗಲ ಟಾವೆಲಿನಲ್ಲಿ ಉಡಿ ಗಂಟು ಕಟ್ಟಿಸಿಕೊಂಡು, ಮಗುವಿನಂತೆ ಎದೆಗವಚಿಕೊಂಡು ಕಾರು ಹತ್ತಿದರು.

ಸೇತುವೆ ಮೇ ತಿಂಗಳ ಕೊನೆಗೆ ಮುಗಿಯಿತು. ಯಾರ ವಶೀಲಿಯಿಂದಲೂ ಅಲ್ಲ. ಫೈಲಿಗೆ ಬೇಕಾದ ಕಾಗದ ಸೇರಿತು, ಅಕ್ಕವ್ವ ಬೆಳಗಾವಿಗೆ ತಾನೇ ಹೋಗಿ ಬೆನ್ನು ಹತ್ತಿದಳು, ಆಯಿತು. ಮೊದಲ ಮಳೆಗೆ ಹಳ್ಳ ತುಂಬಿದ ದಿನ ಭರಮವ್ವನ ಮೊಮ್ಮಗಳು ಮತ್ತೆ ಪಾಟೀಚೀಲ ಹೊತ್ತು, ಕೆಳಗಿನ ಕೆಂಪು ನೀರು ನೋಡುತ್ತ ಈಚೆಗೆ ಬಂದಳು. ನಾನು ಅಕ್ಕವ್ವನ ಕೊಡೆ ಹಿಡಿದುಕೊಂಡು ನಿಂತಿದ್ದೆ. ಅಳು ಬಂತು, ಅತ್ತೆ. ಮಳೆಯಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಆ ಮಾಸ್ತರರು ನಮಗೆ ಏನು ಕೊಟ್ಟರು ಎಂದು ಊರಲ್ಲಿ ಈಗಲೂ ಕೇಳುತ್ತಾರೆ. ಏನೂ ಕೊಡಲಿಲ್ಲ. ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು, ಅಷ್ಟೇ. ಅವರ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ.

ಕಳೆದ ವಾರ ಟಪಾಲಿನಲ್ಲಿ ಒಂದು ಗಂಟು ಬಂತು. ಒತ್ತಿ ನೋಡಿದೆ, ಒಳಗೆ ಬಟ್ಟೆ. ನನ್ನ ಟಾವೆಲೇ ಇರಬೇಕು. ಬರಿದಾಗಿ ವಾಪಸು ಕೊಡಬಾರದೆಂದು ಅದರಲ್ಲಿ ಸಕ್ಕರೆಯನ್ನೋ ಏನನ್ನೋ ಕಟ್ಟಿದ್ದರು, ಗರಗರ ಅಂತಿತ್ತು. ಮೇಲೆ ಮಾಸ್ತರರ ದುಂಡು ಅಕ್ಷರ: "ಅಧ್ಯಕ್ಷರಾದ ಅಕ್ಕವ್ವನವರಿಗೆ." ಅದರ ಕೆಳಗೆ ಸಣ್ಣದಾಗಿ, "ಬಾಳಪ್ಪನವರ ಮನೆ."

ಅಕ್ಕವ್ವ ಖಾನಾಪುರಕ್ಕೆ ಮೀಟಿಂಗಿಗೆ ಹೋಗಿದ್ದಳು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಒಳಗೇನಿದೆ ಎಂದು ಜೀವ ಚಡಪಡಿಸುತ್ತಿತ್ತು. ಅವಳು ಬಸ್ಸಿಳಿದು ಬರುವವರೆಗೂ ಬಿಚ್ಚಲಿಲ್ಲ.