ಜೀಪು ಅಂಗಳದಲ್ಲೇ ಇತ್ತು

ಎರಡು ಸಾವಿರದ ಏಳನೇ ಇಸವಿಯಲ್ಲಿ ಹೊಳಲ್ಕೆರೆಯಂಥ ಊರಿಗೂ ಬ್ಲಾಗು ಬಂತು. ತಂದವನು ಲಕ್ಷ್ಮೀಕಾಂತ್. ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಕಂಪ್ಯೂಟರ್ ಸೆಂಟರು. ಅಲ್ಲಿದ್ದ ಆರು ಕಂಪ್ಯೂಟರಿನಲ್ಲಿ ನಾಲ್ಕು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು, ಅದೂ ಕರೆಂಟು ಇದ್ದಾಗ. ಹುಡುಗರಿಗೆ ಟ್ಯಾಲಿ ಕಲಿಸಿ ಕಲಿಸಿ ಬೇಸತ್ತಿದ್ದ ಅವನು ಎಲ್ಲೋ ಬ್ಲಾಗಿನ ವಿಷಯ ಓದಿ ಹುಚ್ಚು ಹತ್ತಿಸಿಕೊಂಡು, ‘ಏನೂ ಗೊತ್ತಿಲ್ಲದವರಿಗೆ ಬ್ಲಾಗ್ ಪರಿಚಯ’ ಎಂದು ಬೋರ್ಡು ಬರೆಸಿ ಬಾಗಿಲಿಗೆ ನೇತುಹಾಕಿದ. ಏನೂ ಗೊತ್ತಿಲ್ಲದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಅದನ್ನು ಒಪ್ಪಿಕೊಂಡು ಮೆಟ್ಟಿಲು ಹತ್ತಿದವರು ಮಾತ್ರ ಇಬ್ಬರೇ. ಒಬ್ಬರು ರಿಟೈರಾದ ಜುಂಜಯ್ಯ ಮೇಷ್ಟ್ರು. ಯಾವ ಪತ್ರಿಕೆಯೂ ಹಾಕದ ತಮ್ಮ ಚುಟುಕಗಳನ್ನು ನೇರವಾಗಿ ಲೋಕಕ್ಕೇ ಕೊಟ್ಟುಬಿಡೋಣವೆಂದು ಬಂದಿದ್ದರು. ಇನ್ನೊಬ್ಬಳು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಅನುಸೂಯ. ನೀವೇನು ಬರೀತೀರಿ ಮೇಡಂ ಎಂದು ಲಕ್ಷ್ಮೀಕಾಂತ್ ಕೇಳಿದರೆ ಸುಮ್ಮನೆ ನಕ್ಕಳು.

ಅವಳು ಬರೆಯಬೇಕೆಂದಿದ್ದುದು ನಗುವ ವಿಷಯವಾಗಿರಲಿಲ್ಲ.

ಅನುಸೂಯಳ ತವರು ಮತ್ತೋಡು ಹೋಬಳಿಯ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಯಜಮಾನಿಕೆ ಅಣ್ಣ ಮಾರಣ್ಣನದು. ಹೆಣ್ಣುಮಗಳಿಗೆ ಬಿ.ಎಡ್. ಯಾಕೆ ಎಂದು ನೆಂಟರೆಲ್ಲ ಮೂಗು ಮುರಿದಾಗ ಹಟ ಹಿಡಿದು ಅವಳನ್ನು ಓದಿಸಿದವನು ಅವನೇ. ತಂಗಿಯನ್ನು ಓದಿಸಿದ ಆ ಅಣ್ಣನಿಗೆ ಬೃಂದಾ ಎಂಬ ಮಗಳಿದ್ದಳು. ಹೊಸದುರ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದಳು. ಅದೇ ಬಸ್ಸಿನಲ್ಲಿ ಹೋಗುತ್ತಿದ್ದ ಪ್ರದೀಪ್ ಎಂಬ ಕೆಳಗಿನ ಕೇರಿಯ ಹುಡುಗನ ಜೊತೆ ಅವಳ ಮಾತುಕತೆ ಬೆಳೆದಿದೆ ಎಂಬ ಸುದ್ದಿ ಮಾರಣ್ಣನ ಕಿವಿಗೆ ಬಿತ್ತು. ಕಾಲೇಜು ನಿಂತಿತು. ಬಾಗಿಲಿಗೆ ಚಿಲಕ ಬಿತ್ತು. ಒಂದು ಬೆಳಗ್ಗೆ ಹುಡುಗಿ ಹತ್ತಿಗೆ ಹೊಡೆಯುವ ಔಷಧಿ ಕುಡಿದಳು. ಹೊಟ್ಟೆನೋವು ಬಂದು ಹೋದಳು ಎಂದು ಊರಿಗೆ ಹೇಳಿ, ಸಂಜೆ ದೀಪ ಹಚ್ಚುವ ಮೊದಲೇ ಮಣ್ಣು ಮಾಡಿ ಮುಗಿಸಿದರು.

ಸುದ್ದಿ ತಿಳಿದು ಅನುಸೂಯ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಲು ತುಪ್ಪ ಬಿಡುವ ದಿನ ಬಚ್ಚಲ ಹಿಂದೆ ಪಾತ್ರೆ ತಿಕ್ಕುತ್ತ ಕೂತಿದ್ದ ಅತ್ತಿಗೆ ಉಚ್ಚಂಗೆಮ್ಮ, ತಲೆ ಎತ್ತದೆ, ಕೈ ನಿಲ್ಲಿಸದೆ ಹೇಳಿದಳು.

“ಜೀಪು ಅಂಗಳದಾಗೇ ನಿಂತಿತ್ತು ಕಣಮ್ಮ. ಹೊಸದುರ್ಗ ಏನು ದೂರ ಐತೆ? ಕಾಲು ಹಿಡ್ಕಂಡು ಬೇಡ್ದೆ. ನಿಮ್ಮಣ್ಣ ಕೀಲಿ ಜೇಬಿಗೆ ಹಾಕ್ಕಂಡು ಕಟ್ಟೆ ಮ್ಯಾಲೆ ಕುಂತ. ಆಸ್ಪತ್ರೆಗೆ ಒಯ್ದ್ರೆ ಕೇಸಾಗ್ತೈತೆ, ಯಾಕೆ ಕುಡುದ್ಲು ಅಂತ ಕೇಳ್ತಾರೆ, ಊರಿಗೆಲ್ಲ ಗೊತ್ತಾಗ್ತೈತೆ ಅಂದ. ಮಧ್ಯಾಹ್ನದ ತನಕ ಉಸ್ರು ಇತ್ತು ಅವ್ಳಿಗೆ. ನನ್ನ ಕೈ ಹಿಡ್ಕಂಡೇ ಇದ್ಲು.” ಒಂದು ತಂಬಿಗೆ ತೊಳೆದು ಬೋರಲು ಹಾಕಿ ಮತ್ತೆ ಹೇಳಿದಳು, “ಯಾರ ಮುಂದೂ ಬಾಯಿ ಬಿಡಬ್ಯಾಡ.”

ಮೂರು ತಿಂಗಳು ಅನುಸೂಯ ಬಾಯಿ ಬಿಡಲಿಲ್ಲ. ಹಿರಿಯೂರಿನಲ್ಲಿ ಕೆಲಸಕ್ಕಿದ್ದು ಶನಿವಾರ ಮನೆಗೆ ಬರುತ್ತಿದ್ದ ಗಂಡನಿಗೂ ಹೇಳಲಿಲ್ಲ. ಆದರೆ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ಒಂದು ದಿನ ಅರ್ಧಕ್ಕೇ ನಿಲ್ಲಿಸಿ, ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟಳು. ಆ ಸಂಜೆಯೇ ಲಕ್ಷ್ಮೀಕಾಂತನ ಬೋರ್ಡು ಅವಳ ಕಣ್ಣಿಗೆ ಬಿದ್ದದ್ದು.

ಲಕ್ಷ್ಮೀಕಾಂತ್ ಒಳ್ಳೆಯ ಮೇಷ್ಟ್ರು. “ಬ್ಲಾಗು ಅಂದ್ರೆ ಏನು ಅಂತ ತಲೆ ಕೆಡಿಸ್ಕಬ್ಯಾಡ್ರಿ. ಮನೆ ಮುಂದಿನ ಜಗಲಿ ಐತಲ್ಲ, ಅದೇ. ನೀವು ಕುಂತು ನಿಮ್ಮ ಪಾಡಿಗೆ ಮಾತಾಡ್ತೀರಿ. ಹೋಗೋರು ಬರೋರು ನಿಂತು ಕೇಳ್ತಾರೆ, ಮನಸ್ಸಾದ್ರೆ ಅವ್ರೂ ಒಂದು ಮಾತಾಡ್ತಾರೆ. ಅದಕ್ಕೆ ಕಾಮೆಂಟು ಅಂತಾರೆ. ಒಂದೇ ವ್ಯತ್ಯಾಸ ಅಂದ್ರೆ, ಈ ಜಗಲಿ ಮುಂದೆ ಅಮೆರಿಕಾದೋರೂ ಹಾದು ಹೋಗ್ತಾರೆ” ಎಂದ. ಮೊದಲು ಜಗಲಿಗೊಂದು ಹೆಸರಿಡಬೇಕು. ಆಮೇಲೆ ಬರೆಯುವವರ ಹೆಸರು. ಇಲ್ಲಿ ಅನುಸೂಯ ತಡೆದು ಕೇಳಿದಳು, “ನಿಜವಾದ ಹೆಸರೇ ಕೊಡ್ಬೇಕಾ ಸಾರ್?”

“ಏನೂ ಬೇಕಿಲ್ಲ ಮೇಡಂ. ಮಲ್ಲಿಗೆ ಅಂತ ಕೊಡ್ರಿ, ಸಂಪಿಗೆ ಅಂತ ಕೊಡ್ರಿ. ನೀವು ಯಾರು ಅಂತ ಆ ಬ್ರಹ್ಮನಿಗೂ ತಿಳಿಯಲ್ಲ.”

ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಜುಂಜಯ್ಯನವರು ಮಾತ್ರ ಹೆಸರಿನ ಜೊತೆಗೆ ಫೋಟೋ, ಮನೆ ವಿಳಾಸ, ಪಡೆದ ಸನ್ಮಾನಗಳು ಎಲ್ಲವನ್ನೂ ಹಾಕಿಸಿದರು.

ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವುದು ಅವಳಿಗೆ ಬೇಗ ಕೈಹತ್ತಿತು. ಒಂದು ವಾರ ಸಂಜೆ ಸಂಜೆ ಕೂತು ಬರೆದಳು. ತುಂಬ ಎಚ್ಚರದಿಂದ ಬರೆದಳು. ಊರಿನ ಹೆಸರಿಲ್ಲ, ತಾಲ್ಲೂಕಿಲ್ಲ, ಹುಡುಗಿಗೆ ಹುಡುಗಿ ಎಂದೇ, ಅಪ್ಪನಿಗೆ ಅಪ್ಪ ಎಂದೇ ಬರೆದಳು. ‘ಜೀಪು ಅಂಗಳದಲ್ಲೇ ಇತ್ತು’ ಎಂದು ತಲೆಬರಹ ಕೊಟ್ಟಳು. ಅದರ ಮೇಲೆ, ನೆತ್ತಿಯ ಸಾಲಿನಲ್ಲಿ, ‘ಶ್ರೀ ಮುತ್ತುಗದ ಕರಿಯಮ್ಮ ಪ್ರಸನ್ನ’ ಎಂದಿತ್ತು. ಅದನ್ನು ಬರೆದೆನೆಂಬ ಅರಿವೂ ಅವಳಿಗಿರಲಿಲ್ಲ. ದೇವರ ಹೆಸರಿಲ್ಲದೆ ಹಾಳೆ ಮುಟ್ಟಬಾರದೆಂದು ಅಕ್ಷರ ಕಲಿಸುವಾಗಲೇ ಅಪ್ಪ ಕಲಿಸಿದ್ದ. ಪರೀಕ್ಷೆಯ ಉತ್ತರ ಪತ್ರಿಕೆಯಿಂದ ಹಿಡಿದು ದಿನಸಿ ಚೀಟಿಯವರೆಗೆ ಅವಳ ಕೈ ಮೊದಲು ಬರೆಯುತ್ತಿದ್ದುದು ಆ ಹೆಸರನ್ನೇ. ಮದುವೆಯಾಗಿ ಮನೆದೇವರು ಬದಲಾದರೂ ಕೈ ಬದಲಾಗಿರಲಿಲ್ಲ. ನಮ್ಮ ಕಡೆಯವರ ಕೈಯೇ ಹಾಗೆ. ಮನೆ ಕಟ್ಟಲಿ, ಮೊಕದ್ದಮೆ ಹೂಡಲಿ, ದೇವರನ್ನು ಮುಂದೆ ಬಿಟ್ಟುಕೊಂಡೇ ಹೊರಡುವುದು.

ಲಕ್ಷ್ಮೀಕಾಂತ್ ಹೇಳಿಕೊಟ್ಟ ಗುಂಡಿ ಒತ್ತಿದಳು. ಬರಹ ಹೊರಟುಹೋಯಿತು.

ಮಾರನೆಯ ದಿನ ನೋಡಿದರೆ ಕಾಮೆಂಟುಗಳು. ಮೈಸೂರಿನ ಯಾರೋ ‘ಓದಿ ಕಣ್ಣು ತುಂಬಿತು’ ಎಂದಿದ್ದರು. ಬೆಂಗಳೂರಿನ ಹೆಂಗಸೊಬ್ಬಳು ‘ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ’ ಎಂದಿದ್ದಳು. ಅನುಸೂಯ ಅದನ್ನು ಮತ್ತೆ ಮತ್ತೆ ಓದಿದಳು. ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದಳು. ಬೃಂದಾಳ ಸಾವು ಹೊಟ್ಟೆನೋವಲ್ಲ ಎಂದು ಲೋಕದಲ್ಲಿ ಕೆಲವರಿಗಾದರೂ ಗೊತ್ತಾಯಿತಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನವಾಗಿತ್ತು.

ನಾಲ್ಕನೇ ದಿನದ ಕಾಮೆಂಟು ಬರೆದವನು ಬೆಂಗಳೂರಿನಲ್ಲಿದ್ದ ಯಾರೋ ಹುಡುಗ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದ. ‘ಮುತ್ತುಗದ ಕರಿಯಮ್ಮ ಅಂದರೆ ಮತ್ತೋಡು ಕಡೆಯವರು ಅಲ್ಲವೇ? ನಮ್ಮಜ್ಜಿಯ ಊರು ಅಲ್ಲೇ ಪಕ್ಕ. ಆ ದೇವರಿಗೆ ಇರುವುದೇ ನಾಲ್ಕು ಮನೆ ಒಕ್ಕಲು. ಅದರಲ್ಲಿ ಜೀಪು ಇರುವುದು ಮಾರಣ್ಣನವರ ಮನೆಯಲ್ಲಿ. ನೀವು ಅವರಿಗೇನಾಗಬೇಕು?’

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಯಾವೂರು, ಯಾರ ಪೈಕಿ, ಮನೆದೇವರು ಯಾವುದು ಎಂದು ಕೇಳುವುದಿಲ್ಲವೇ, ಹಾಗೆ ಕೇಳಿದ್ದ ಅಷ್ಟೇ. ಅವಳು ಲಕ್ಷ್ಮೀಕಾಂತನನ್ನು ಕೂಗಿದಳು. ಅವನು ಆ ಕಾಮೆಂಟನ್ನೂ ನೆತ್ತಿಯ ಸಾಲನ್ನೂ ಅಳಿಸಿ, ಏನೂ ಆಗಲ್ಲ ಬಿಡ್ರಿ ಮೇಡಂ ಎಂದ. ಆದರೆ ಅಷ್ಟರಲ್ಲಿ ಚಿತ್ರದುರ್ಗದ ಒಂದು ಪುಟ್ಟ ಪತ್ರಿಕೆ ಬರಹವನ್ನು ಎತ್ತಿ ಹಾಕಿಕೊಂಡಿತ್ತು. ದೇವರ ಹೆಸರು ಸಮೇತ, ದಪ್ಪಕ್ಷರದಲ್ಲಿ.

ಆ ವಾರವೇ ಮಾರಣ್ಣ ಹೊಳಲ್ಕೆರೆಗೆ ಬಂದ. ಕೂಗಾಡಲಿಲ್ಲ. ತಂಗಿ ಕೊಟ್ಟ ನೀರು ಕುಡಿದು, ಪತ್ರಿಕೆಯನ್ನು ಮಡಿಕೆ ಬಿಚ್ಚಿ ಮುಂದಿಟ್ಟ. ಆ ದೇವರ ಹೆಸರನ್ನು ಹಾಳೆಯ ನೆತ್ತಿಯ ಮೇಲೆ ಬರೆಯುವ ಕೈ ಯಾರದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

“ಓದ್ಸಿದ್ದಕ್ಕೆ ಚೆನ್ನಾಗಿ ಬರ್ದಿದೀಯ. ಒಂದು ಮಾತು ಹೇಳು ಅನ್ಸೂಯ. ಅವತ್ತು ನೀನು ಊರಾಗೇ ಇರ್ಲಿಲ್ಲ. ಕೀಲಿ ನನ್ನ ಜೇಬಿನಾಗಿತ್ತು ಅಂತ ನಿಂಗೆ ಹೇಳಿದ್ಯಾರು?”

ಅನುಸೂಯಳಿಗೆ ಆಗ ಹೊಳೆಯಿತು. ಅವಳು ಮರೆಮಾಚಬೇಕಿದ್ದುದು ಊರನ್ನಲ್ಲ, ಹುಡುಗಿಯ ಅಪ್ಪನನ್ನಲ್ಲ, ತನ್ನನ್ನೂ ಅಲ್ಲ. ಆ ಅಂಗಳದಲ್ಲಿ ಅವತ್ತು ಇದ್ದ ಹೆಂಗಸು ಒಬ್ಬಳೇ. ಮಗಳಿಗೇ ಜೀಪು ತೆಗೆಯದವನು ಹೆಂಡತಿಯನ್ನು ಏನು ಮಾಡಿಯಾನು ಎಂದು ಹೆದರಿದಳು.

“ಯಾರೂ ಹೇಳಿಲ್ಲಣ್ಣ. ನಾನೇ ಕಟ್ಟಿ ಬರ್ದೆ. ಕತೆ ಅದು.”

“ಉಚ್ಚಂಗಿ ಹೇಳ್ಲಿಲ್ಲ?”

“ಅತ್ತಿಗೆ ಒಂದು ಮಾತೂ ಆಡಿಲ್ಲ. ಬೇಕಾದ್ರೆ ಅಪ್ಪನ ಮ್ಯಾಲೆ ಆಣೆ ಮಾಡ್ತೀನಿ.”

“ಆಣೆ ಯಾಕೆ? ಎಲ್ಲಿ ಬರ್ದಿದ್ಯೋ ಅಲ್ಲೇ ಹಂಗಂತ ಬರಿ. ನಡಿ, ಹೋಗಾಣ.”

ಇಬ್ಬರೂ ಸೆಂಟರಿನ ಮೆಟ್ಟಿಲು ಹತ್ತಿದರು. ಏನೂ ಅರಿಯದ ಲಕ್ಷ್ಮೀಕಾಂತ್ ಹಿಗ್ಗಿ, “ಅಣ್ಣಾರಾ? ಬರ್ರಿ, ಕುಂತ್ಕಳ್ರಿ” ಎಂದು ಕುರ್ಚಿ ಎಳೆದು ಟೀ ತರಿಸಿದ. ಬರಹ ಬೇಡವೆನಿಸಿದರೆ ಒಂದೇ ಕ್ಲಿಕ್ಕಿಗೆ ತೆಗೆದು ಹಾಕಬಹುದು ಎಂದೂ ಹೇಳಿದ. ಮಾರಣ್ಣ ತಲೆಯಾಡಿಸಿದ. “ತೆಗಿಯೋದು ಬ್ಯಾಡ. ತೆಗುದ್ರೆ, ನಿಜ ಇತ್ತು, ಅದುಕ್ಕೇ ತೆಗುದ್ರು ಅಂತಾರೆ ಜನ.” ಕಂಪ್ಯೂಟರನ್ನೇ ಮುಟ್ಟಿರದ ಆ ಮನುಷ್ಯನಿಗೆ ಬ್ಲಾಗು ಎಂದರೇನೆಂದು ಅಲ್ಲಿದ್ದವರೆಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಅನುಸೂಯ ಎರಡನೆಯ ಪೋಸ್ಟು ಬರೆದಳು. ಹಿಂದಿನ ಬರಹದಲ್ಲಿರುವುದೆಲ್ಲ ಬರೀ ಕಲ್ಪನೆ, ಅಂಥ ಘಟನೆ ನಡೆದೇ ಇಲ್ಲ, ನನ್ನ ಅಣ್ಣನ ಮಗಳು ಕಾಯಿಲೆಯಿಂದ ತೀರಿಕೊಂಡಳು, ಬೇರೊಬ್ಬರ ಮೇಲೆ ಸುಳ್ಳು ಹೊರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ ಎಂದು ಬರೆದು, ಕೆಳಗೆ ತನ್ನ ನಿಜವಾದ ಹೆಸರನ್ನೂ ಶಾಲೆಯ ಹೆಸರನ್ನೂ ಹಾಕಿದಳು. ಬೃಂದಾಳನ್ನು ಇನ್ನೊಂದು ಸಲ ಮಣ್ಣಿಗಿಳಿಸಿದಂತೆ ಆಯಿತು ಅವಳಿಗೆ. ಆದರೂ, ಹೋದವಳು ಹೋದಳು, ಇರುವವಳಾದರೂ ಇರಲಿ ಎಂದು ಹಲ್ಲು ಕಚ್ಚಿ ಗುಂಡಿ ಒತ್ತಿದಳು. ಮಾರಣ್ಣ ಅದರ ಪ್ರಿಂಟು ತೆಗೆಸಿ ನೀಟಾಗಿ ಮಡಿಸಿಕೊಂಡು, ಟೀ ಚೆನ್ನಾಗಿತ್ತು ಎಂದು ಲಕ್ಷ್ಮೀಕಾಂತನಿಗೆ ಹೇಳಿ ಹೋದ.

ಒಂದು ವಾರ ಕಳೆದು ಅನುಸೂಯ ಶಾಲೆ ಮುಗಿಸಿ ಬಂದಾಗ ಮನೆಯ ಮೆಟ್ಟಿಲ ಮೇಲೆ ಉಚ್ಚಂಗೆಮ್ಮ ಕೂತಿದ್ದಳು. ಮೈಮೇಲೆ ಏಟಿನ ಗುರುತಿದೆಯೇ ಎಂದು ಅನುಸೂಯ ಮೊದಲು ನೋಡಿದಳು. ಇರಲಿಲ್ಲ. ಬದುಕಿದ್ದಾಳೆ, ಬಂದಿದ್ದಾಳೆ ಎಂಬ ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಒಳಗೆ ಕರೆದರೆ ಅತ್ತಿಗೆ ಏಳಲಿಲ್ಲ.

“ನಿಮ್ಮಣ್ಣ ಈ ಕಡೆ ಬಂದ್ನಲ್ಲ, ಅವತ್ತು ನಾನು ಠಾಣೆಗೆ ಹೋಗಿದ್ದೆ” ಎಂದಳು ಉಚ್ಚಂಗೆಮ್ಮ.

ಅನುಸೂಯ ಬಾಗಿಲ ಕೀಲಿ ಹಿಡಿದುಕೊಂಡೇ ನಿಂತಳು.

“ಪೇಪರ್ನಾಗೆ ಬಂದಿದ್ದನ್ನ ಅಂಗಡಿ ಓಬಮ್ಮನ ಸೊಸೆ ಕೈಲಿ ಓದಿಸ್ದೆ. ನಾನಾಡಿದ ಮಾತೇ ಇತ್ತು ಅದ್ರಾಗೆ, ಒಂದೂ ಬಿಟ್ಟಿಲ್ಲ. ನನ್ನ ಮಾತು ಲೋಕಕ್ಕೆಲ್ಲ ಗೊತ್ತಾಗೈತೆ ಅಂದ್ಮೇಲೆ ನಾನ್ಯಾಕೆ ಹೆದ್ರಲಿ ಅನ್ನಿಸ್ತು. ಅವ್ನು ಮನ್ಯಾಗೆ ಇರ್ಲಿಲ್ಲ, ಹೊಂಟೆ. ಎಲ್ಲಾ ಹೇಳ್ದೆ. ಸಾಹೇಬ್ರು ಕುಂದ್ರಿಸಿ ಬರ್ಕಂಡ್ರು. ಮಣ್ಣು ತೆಗ್ಸಿ ನೋಡ್ತೀವಿ, ನಾಳೆ ಬರ್ತೀವಿ ಅಂದ್ರು.”

“ಆಮೇಲೆ?”

“ಆಮೇಲೇನು. ಮಾರ್ನೇ ದಿನ ನನ್ನೇ ಠಾಣೆಗೆ ಕರೆಸಿದ್ರು. ನಿಮ್ಮಣ್ಣ ಒಂದು ಕಾಗ್ದ ತಂದು ಕೊಟ್ಟ. ಸಾಹೇಬ್ರು ನನ್ನೆದುರಿಗೇ ಓದಿದ್ರು. ಬರ್ದೋಳೇ ಸುಳ್ಳು ಅಂತ ಹೆಸ್ರು ಹಾಕವ್ಳೆ, ನಿಂದೇನಮ್ಮ ಅಂದ್ರು. ಮಗಳು ಹೋದ ದುಃಖಕ್ಕೆ ಇವ್ಳಿಗೆ ತಲೆ ಕೆಟ್ಟೈತೆ ಸಾರ್, ಮನಿಗೆ ಕರ್ಕಂಡು ಹೋಗ್ತೀನಿ ಅಂದ ನಿಮ್ಮಣ್ಣ.” ಉಚ್ಚಂಗೆಮ್ಮ ಮೊದಲ ಸಲ ತಲೆ ಎತ್ತಿ ನಾದಿನಿಯ ಮುಖ ನೋಡಿದಳು. “ಅದನ್ನ ನೀನು ಬರ್ದಿಲ್ಲ ಅಲ್ವಾ? ಅವ್ನೇ ಯಾರ ಕೈಲೋ ಬರಿಸಿರ್ತಾನೆ ಅಂತ ನಂಗೆ ಗೊತ್ತು. ನಿನ್ನ ಬಾಯಾಗೆ ಕೇಳ್ಕಂಡು ಹೋಗಾಣ ಅಂತ ಬಂದೆ.”

ಹೌದು ಎಂದುಬಿಟ್ಟರೆ ಅತ್ತಿಗೆ ಅಷ್ಟನ್ನಾದರೂ ನಂಬಿಕೊಂಡು ಹೋಗುತ್ತಿದ್ದಳು. ಅನುಸೂಯಳಿಗೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ನಾನೇ ಬರ್ದಿದ್ದು ಅತ್ತಿಗೆ. ನಿನಗೇನಾದ್ರೂ ಮಾಡಿಬಿಡ್ತಾನೆ ಅಂತ ಹೆದ್ರಿಕೆ ಆತು. ನಿನ್ನ ಉಳಿಸ್ಬೇಕು ಅಂತ ಬರ್ದೆ.”

ರಸ್ತೆಯಲ್ಲಿ ಹಾಲಿನ ಸೈಕಲ್ಲೊಂದು ಹೋಯಿತು. ಇಲ್ಲೇ ಇದ್ದುಬಿಡು, ಆ ಮನೆಗೆ ಹೋಗಬೇಡ ಎಂದು ಅನುಸೂಯ ಅವಳ ಕೈ ಹಿಡಿದಳು. ಅವಳು ಮೆಲ್ಲಗೆ ಬಿಡಿಸಿಕೊಂಡಳು.

“ಈಗ ಅಲ್ಲಿ ನಂಗೆ ಯಾರೂ ಏನೂ ಅನ್ನಲ್ಲ ಕಣಮ್ಮ. ಎಲ್ಲಿಗೆ ಹೋದ್ರೂ ಕೇಳಲ್ಲ, ಏನು ಮಾತಾಡಿದ್ರೂ ಕೇಳಲ್ಲ. ತಲೆಕೆಟ್ಟೋಳು ಅಂತ ಬಿಟ್ಟವ್ರೆ.” ಸೀರೆಯ ಧೂಳು ಕೊಡವಿ ಎದ್ದಳು. “ಉಳಿಸ್ದೆ ಬಿಡು. ಹೊಸದುರ್ಗದ ಬಸ್ಸು ಎಷ್ಟೊತ್ತಿಗೈತೆ?”