ಅಕ್ಕನ ಗುರಿ

ನನ್ನ ಭಾವ ಬಾಕ್ಸಿಂಗ್ ಬಿಟ್ಟದ್ದು ನನ್ನ ಅಕ್ಕನ ಕೈ ಜಾರಿದ್ದರಿಂದ. ಊರೆಲ್ಲ ಹಾಗೆಂದು ಹೇಳುತ್ತದೆ, ಭಾವನೂ ಹಾಗೇ ಹೇಳುತ್ತಾರೆ, ಅಕ್ಕನಂತೂ ಮೊದಲಿಂದ ಅದನ್ನೇ ಹೇಳಿಕೊಂಡು ಬಂದಿದ್ದಾಳೆ. ನಾನು ಕ್ಷೌರಿಕ. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತವರು ಏನೇ ಹೇಳಿದರೂ ಹೂಂಗುಟ್ಟುವುದು ನನ್ನ ಕಸುಬಿಗೆ ಸೇರಿದ್ದು. ಈ ಒಂದು ಮಾತಿಗೆ ಹೂಂ ಅನ್ನುವಾಗ ಮಾತ್ರ ಕತ್ತರಿ ನಿಲ್ಲಿಸಿ ಒಂದು ಸಲ ಕೆಮ್ಮುತ್ತೇನೆ.

ಭಾವನಿಗೆ ಊರು ಇಟ್ಟ ಹೆಸರು ಸುತ್ತಿಗೆ. ಅವರು ರಿಂಗಿಗೆ ಇಳಿದರೆ ಎದುರಾಳಿಯ ಮನೆಯವರು ಮುಖ ಮುಚ್ಚಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಇದು ಬಡಾಯಿಯಲ್ಲ. ಪ್ರತಿ ಪಂದ್ಯದಲ್ಲೂ ಅವರ ಮೂಲೆಯಲ್ಲಿ ಬಕೆಟ್ಟು, ಪಟಿಕದ ಕಲ್ಲು ಹಿಡಿದು ನಿಂತವನು ನಾನು. ಗಡ್ಡ ಹೆರೆಯುವಾಗ ಗಾಯವಾದರೆ ರಕ್ತ ನಿಲ್ಲಿಸುವ ಅದೇ ಕಲ್ಲು ಹುಬ್ಬು ಒಡೆದರೂ ಕೆಲಸಕ್ಕೆ ಬರುತ್ತದೆ ಎಂದು ಭಾವನ ಕೋಚ್ ನನ್ನನ್ನು ಎಳೆದುಕೊಂಡು ಹೋಗಿದ್ದರು. ಆ ಕಾಲದಲ್ಲಿ ನನ್ನ ಕಲ್ಲು ಸವೆಯುತ್ತಲೇ ಇರಲಿಲ್ಲ. ಆಮೇಲಾಮೇಲೆ ಒಂದೊಂದು ಪಂದ್ಯಕ್ಕೂ ಹೊಸ ಕಲ್ಲು ಬೇಕಾಯಿತು.

'ಇದೇ ಕೊನೇದು' ಎಂಬ ಮಾತು ಭಾವನ ಬಾಯಲ್ಲಿ ಹುಟ್ಟಿದ್ದು ಆಗಲೇ. ಮಗಳ ಮದುವೆಗೆ ಮುಂಚೆ ಒಂದು ಕೊನೇದು ಆಯಿತು. ಮದುವೆಯಾದ ಮೇಲೆ, ಅಳಿಯಂದಿರು ಒಂದೂ ನೋಡಿಲ್ಲವಲ್ಲ ಎಂದು ಮತ್ತೊಂದು ಕೊನೇದು. ಯಾವನೋ ಪತ್ರಿಕೆಯವನು ಹೆಸರಿನ ಹಿಂದೆ 'ಮಾಜಿ' ಎಂದು ಸೇರಿಸಿದ ಸಿಟ್ಟಿಗೆ ಇನ್ನೊಂದು. ಗೋಡೆಗೆ ಪೋಸ್ಟರ್ ಅಂಟಿಸುವವನು ಒಮ್ಮೆ ನನ್ನ ಅಂಗಡಿಗೆ ಬಂದು, "ನಿಮ್ಮ ಭಾವನ ಕೊನೇ ಪಂದ್ಯದ ಪೋಸ್ಟರು ಹೋದ ಸಲದ್ದೇ ಒಂದಿಷ್ಟು ಉಳಿದಿದೆ, ತಾರೀಕಿನ ಮೇಲೆ ಚೀಟಿ ಹಚ್ಚಿ ಅಂಟಿಸಿಬಿಡ್ಲಾ?" ಎಂದು ಕೇಳಿದ. ಪುಣ್ಯಾತ್ಮ ತಮಾಷೆಗೆ ಕೇಳಲಿಲ್ಲ. ಅಕ್ಕನ ಮನೆಯಲ್ಲಿ ಆ ಪದದ ಮಾನವೇ ಹೋಗಿತ್ತು. ಅಕ್ಕ ಮೊಮ್ಮಗನಿಗೆ ಇದೇ ಕೊನೇ ಬಿಸ್ಕತ್ತು ಎಂದು ಕೊಟ್ಟರೆ ಅವನು ಡಬ್ಬಿಯ ಪಕ್ಕದಿಂದ ಏಳುತ್ತಲೇ ಇರಲಿಲ್ಲ.

ಎಡಗಣ್ಣಿನ ವಿಷಯ ನನಗೆ ತಿಳಿದದ್ದು ಕ್ಷೌರ ಮಾಡುವಾಗ. ಬಲಗಡೆಯಿಂದ ಕತ್ತರಿ ತಂದರೆ ಭಾವನ ರೆಪ್ಪೆ ಎಲ್ಲರ ಹಾಗೆ ಮಿಟುಕಿತು. ಎಡಗಡೆಯಿಂದ ತಂದೆ, ಮಿಟುಕಲಿಲ್ಲ. ಮತ್ತೆ ತಂದೆ. ಮುಖ ಕಲ್ಲಿನ ಹಾಗೆ ಕನ್ನಡಿ ನೋಡುತ್ತಲೇ ಇತ್ತು. ಅಕ್ಕನಿಗೆ ಹೇಳಿದೆ. ಅವಳು ಆಗಲೇ ಡಾಕ್ಟರ ಹತ್ತಿರ ಹೋಗಿಬಂದಿದ್ದಳು. ಭಾವನನ್ನು ಕರೆದುಕೊಂಡೇ ಹೋಗಿದ್ದಳಂತೆ. ಎಡಗಣ್ಣು ಹೋದದ್ದು ಹೋಯಿತು, ತಲೆಗೆ ಇನ್ನೊಂದು ಬಲವಾದ ಏಟು ಬಿದ್ದರೆ ಇನ್ನೊಂದು ಕಣ್ಣೂ ಉಳಿಯುವುದಿಲ್ಲ, ಬುದ್ಧಿಯೂ ಉಳಿಯುವುದು ಅನುಮಾನ ಎಂದು ಡಾಕ್ಟರು ಭಾವನ ಮುಖಕ್ಕೇ ಹೇಳಿದ್ದರು.

"ಅದಕ್ಕೆ ಇವರೇನಂದ್ರು?" ಎಂದು ಕೇಳಿದೆ.

"ಡಾಕ್ಟ್ರು ಒಳ್ಳೆಯವರು, ಆದ್ರೆ ಪಾಪ, ಆಟ ಆಡಿದವರಲ್ಲ ಅಂದ್ರು," ಎಂದಳು ಅಕ್ಕ.

ಈಗ ಅಕ್ಕನ ಲಾಂಡ್ರಿಯ ಬಗ್ಗೆ ಹೇಳಲೇಬೇಕು. ಅದು ಉದ್ದನೆಯ ಕೋಣೆ. ಈ ತುದಿಗೆ ಬಟ್ಟೆ ಮಡಚುವ ಮೇಜು, ಆ ತುದಿಯ ಗೋಡೆಗೆ ಗೂಡುಗಳು, ನಡುವೆ ಒಗೆಯುವ ಯಂತ್ರಗಳ ಸಾಲು. ಆಸ್ಪತ್ರೆಯ ಟವೆಲ್ಲು ಮೇಲಿನ ಗೂಡಿಗೆ, ಹೋಟೆಲಿನದು ಕೆಳಗಿನದಕ್ಕೆ. ಒಂದೊಂದನ್ನೂ ನಡೆದುಹೋಗಿ ಇಡುತ್ತಿದ್ದರೆ ಕೆಲಸ ಸಾಗುವುದಿಲ್ಲ. ಅಕ್ಕ ಟವೆಲನ್ನು ನಾಲ್ಕಾಗಿ ಮಡಚಿ, ಮಣಿಕಟ್ಟನ್ನು ಸ್ವಲ್ಪ ತಿರುವಿ, ಮೇಜಿನಿಂದಲೇ ಎಸೆಯುತ್ತಾಳೆ. ಅದು ಯಂತ್ರಗಳ ಮೇಲಿಂದ ಹಾರಿ ತನ್ನ ಗೂಡಿಗೇ ಹೋಗಿ ಕೂರುತ್ತದೆ. ನನ್ನನ್ನು ಬೈಯುತ್ತ ಎಸೆಯುತ್ತಾಳೆ, ಗಿರಾಕಿಯ ಜೊತೆ ನಗುತ್ತ ಎಸೆಯುತ್ತಾಳೆ, ಡಾಕ್ಟರ ಹತ್ತಿರ ಹೋಗಿಬಂದ ಮಾರನೆಯ ದಿನ ಅಳುತ್ತಲೂ ಎಸೆದಳು. ಒಂದೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಹೊಸ ಪಂದ್ಯದ ಮಾತು ಬಂದದ್ದು ಅದೇ ಕೋಣೆಯಲ್ಲಿ. ಪಂದ್ಯ ನಡೆಸುವ ಸಾಹುಕಾರರು ಹೇಳಿ ಕಳಿಸಿದ್ದರು. ಎದುರಾಳಿ ಹೊಸಬ, ಎರಡು ಕೈಯಲ್ಲೂ ಒಳ್ಳೆ ವೇಗವಿದ್ದವನು. ಭಾವ ಒಪ್ಪಿಕೊಂಡೇ ಬಂದಿದ್ದರು. ನನಗೆ ಮೈ ಉರಿದುಹೋಯಿತು.

"ಯಾಕೆ ಭಾವ? ಗೆಲ್ಲೋದು ಬಾಕಿ ಏನಿದೆ ನಿಮಗೆ? ಸಾಕು ಅನ್ನೋದು ನಿಮ್ಮ ಬಾಯಲ್ಲಿ ಬರೋದೇ ಇಲ್ವಾ?"

ಭಾವ ಸಿಟ್ಟಾಗಲಿಲ್ಲ. ಒಗೆಯುವ ಯಂತ್ರಕ್ಕೆ ಒರಗಿ ನಿಂತು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಸಮಾಧಾನವಾಗಿ ಮಾತಾಡಿದರು.

"ನೋಡೋ, ನಾನೇನು ದಡ್ಡ ಅಲ್ಲ. ಬಿಡ್ಬೇಕು, ಒಪ್ತೀನಿ. ಆದ್ರೆ ಹೇಗೆ ಬಿಡೋದು ಹೇಳು. ಗೆದ್ದೆ ಅಂತಿಟ್ಕೋ. ಗೆಲ್ತಾ ಇರೋವಾಗ ಯಾರಾದ್ರೂ ಬಿಡ್ತಾರಾ? ಸೋತೆ ಅಂತಿಟ್ಕೋ. ಸೋತು ಬಿಟ್ಟ ಅನ್ನಿಸ್ಕೊಳ್ಲಾ? ಮೊಮ್ಮಗ ದೊಡ್ಡವನಾದ್ಮೇಲೆ, ತಾತ ಕೊನೇಲಿ ಏಟು ತಿಂದು ಮನೆಗೆ ಬಂದ ಅಂತ ಕೇಳ್ಬೇಕಾ?"

"ಹಾಗಾದ್ರೆ ಗೆದ್ರೂ ಬಿಡಲ್ಲ, ಸೋತ್ರೂ ಬಿಡಲ್ಲ," ಎಂದೆ.

"ಅದೇ ಕಷ್ಟ ನೋಡು," ಎಂದರು ಭಾವ. ನಾನು ಅವರ ಪರವಾಗಿ ಮಾತಾಡಿದೆನೆಂದೇ ತಿಳಿದು ನನ್ನ ಬೆನ್ನು ತಟ್ಟಿದರು. ನಾನು ತಲೆ ತಲೆ ಚಚ್ಚಿಕೊಂಡೆ. ಅಕ್ಕ ಕೈಯಲ್ಲಿದ್ದ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ, "ರೀ, ಇದು ಕೊನೇದು ತಾನೆ?" ಎಂದು ಕೇಳಿದಳು.

"ಇದೇ ಕೊನೇದು ಕಣೇ."

"ಹಾಗಾದ್ರೆ ನಾನೂ ಬರ್ತೀನಿ. ಒಂದೂ ನೋಡಿಲ್ಲ ನಾನು. ಮೂಲೇಲೇ ನಿಂತ್ಕೋತೀನಿ, ಟವೆಲ್ ಹಿಡ್ಕೊಂಡು."

ಅಷ್ಟು ವರ್ಷ ಪಂದ್ಯದ ದಿನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದ ಹೆಂಡತಿ ಹೀಗೆ ಹೇಳಿದರೆ ಯಾವ ಗಂಡ ಹಿಗ್ಗುವುದಿಲ್ಲ? ಭಾವ ಆ ದಿನವೇ ಕೋಚ್ ಹತ್ತಿರ ಹೋಗಿ ಅಕ್ಕನಿಗೆ ಪಾಸ್ ಬರೆಸಿಕೊಂಡು ಬಂದರು. ಕೋಚ್‌ಗೂ ಅಭ್ಯಂತರವಿರಲಿಲ್ಲ. ಮೂಲೆಯವರು ಟವೆಲನ್ನು ರಿಂಗಿನೊಳಗೆ ಎಸೆದರೆ ನಮ್ಮವನಿಗೆ ಸಾಕಾಯಿತು, ಪಂದ್ಯ ನಿಲ್ಲಿಸಿ ಎಂದು ಅರ್ಥ. ನಮ್ಮ ಕೋಚ್ ತಮ್ಮ ಜೀವಮಾನದಲ್ಲಿ ಒಂದು ಟವೆಲನ್ನೂ ಎಸೆದವರಲ್ಲ. ಅದೇ ಅವರ ಹೆಮ್ಮೆ. ಹಾಗಾಗಿ ಅವರ ಮಟ್ಟಿಗೆ ಟವೆಲ್ ಎಂದರೆ ಬೆವರು ಒರೆಸುವ ಬಟ್ಟೆ ಅಷ್ಟೆ. ಲಾಂಡ್ರಿಯವಳು ಹಿಡಿದುಕೊಂಡರೆ ಶುಚಿಯಾಗಿಯಾದರೂ ಇರುತ್ತದೆ ಎಂದರಂತೆ.

ಪಂದ್ಯದ ದಿನ ಕುರ್ಚಿಗಳೆಲ್ಲ ತುಂಬಿದ್ದವು. ಮೊದಲ ಎರಡು ರೌಂಡು ನಿಜಕ್ಕೂ ಭಾವನದೇ. ಹೊಸಬ ಹೊಡೆಯುವುದಕ್ಕಿಂತ ನೋಡುತ್ತ ನಿಂತದ್ದೇ ಹೆಚ್ಚು. ಚಿಕ್ಕಂದಿನಲ್ಲಿ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರ ಎದುರಿಗೆ ಬಂದು ಮೂಗಿಗೆ ಗುದ್ದಿದರೆ ಯಾರಿಗಾದರೂ ಹಾಗೇ ಆಗುತ್ತದೆ. ಜನ ಕುಣಿದಾಡಿದರು. ಕೋಚ್ ನನ್ನ ಕಡೆ ತಿರುಗಿ ಹಲ್ಲು ಕಿರಿದರು. ಭಾವ ಸ್ಟೂಲಿನ ಮೇಲೆ ಬಂದು ಕೂತು, ಅಕ್ಕನ ಟವೆಲಿಗೆ ಮುಖ ಕೊಟ್ಟು, "ನೋಡಿದ್ಯೇನೇ?" ಎಂದರು.

"ನೋಡ್ತಾ ಇದೀನಿ," ಎಂದಳು ಅಕ್ಕ.

ಮೂರನೇ ರೌಂಡಿನಲ್ಲಿ ಹೊಸಬನ ಬಲಗೈ ಒಂದು ಸಲ ಬೀಸಾಗಿ ಬಂದು ಭಾವನ ಎಡ ಕಿವಿಯ ಹತ್ತಿರ ಬಿತ್ತು. ಅದೇನು ದೊಡ್ಡ ಏಟಲ್ಲ. ಆದರೆ ಭಾವ ಅದಕ್ಕೆ ಕೈ ಅಡ್ಡ ಹಿಡಿಯಲಿಲ್ಲ, ತಲೆ ಸರಿಸಲಿಲ್ಲ. ಹೊಸಬನಿಗೇ ಆಶ್ಚರ್ಯವಾಯಿತು. ಪರೀಕ್ಷೆ ಮಾಡುವವನ ಹಾಗೆ ಇನ್ನೊಂದು ಸಲ ಬಲಗೈಯನ್ನೇ ಬಿಟ್ಟ. ಅದೂ ಬಿತ್ತು. ಆಗ ಅವನ ಮುಖದಲ್ಲಿ ಇದ್ದ ಭಯಭಕ್ತಿಯೆಲ್ಲ ಹೋಗಿ ಬೇರೆ ಏನೋ ಬಂತು. ಅವನ ಮೂಲೆಯವರು, "ಬಲಗೈ, ಬಲಗೈ" ಎಂದು ಕಿರುಚತೊಡಗಿದರು. ಜನಕ್ಕೆ ಇದೊಂದೂ ತಿಳಿಯಲಿಲ್ಲ. ಅವರ ಲೆಕ್ಕದಲ್ಲಿ ಸುತ್ತಿಗೆ ಇನ್ನೂ ಮುಂದಿದ್ದರು, ಅಂಕದ ಲೆಕ್ಕದಲ್ಲೂ ಮುಂದಿದ್ದರು. ನಾನು ಕೋಚ್ ತೋಳು ಹಿಡಿದು, "ನಿಲ್ಸಿ ಸಾರ್" ಎಂದೆ. "ಗೆಲ್ತಾ ಇದ್ದಾನೆ, ತಲೆ ಕೆಟ್ಟಿದ್ಯಾ ನಿನಗೆ?" ಎಂದು ಕೈ ಕೊಡವಿಕೊಂಡರು. ಹೊಸಬ ಕಾಲು ಊರಿ, ಭುಜ ಹಿಂದಕ್ಕೆಳೆದು, ಮೈಯ ಭಾರವನ್ನೆಲ್ಲ ಬಲಗೈಗೆ ತಂದ.

ಆಗ ಹಾರಿತು ಟವೆಲ್ಲು. ನಾಲ್ಕಾಗಿ ಮಡಚಿದ್ದು. ಹಗ್ಗದ ಮೇಲಿಂದ ಹೋಗಿ, ಭಾವನ ಭುಜ ದಾಟಿ, ಹೊಸಬನ ಮುಖಕ್ಕೆ ಫಟ್ಟೆಂದು ಬಡಿದು, ರೆಫರಿಯ ಬೂಟಿನ ಮೇಲೆ ಬಿತ್ತು. ಹೊಸಬನ ಕೈ ಗಾಳಿಯಲ್ಲೇ ನಿಂತಿತು. ರೆಫರಿ ಟವೆಲನ್ನು ನೋಡಿದ, ನಮ್ಮ ಮೂಲೆಯನ್ನು ನೋಡಿದ, ಎರಡೂ ಕೈ ಎತ್ತಿ ಬೀಸಿದ. ಪಂದ್ಯ ಮುಗಿಯಿತು. ನಿಯಮ ನಿಯಮವೇ.

"ಅಯ್ಯೋ, ಕೈ ಜಾರಿಬಿಡ್ತಲ್ಲ," ಎಂದಳು ಅಕ್ಕ.

ಆಮೇಲಿನ ರಂಪವನ್ನು ಏನೆಂದು ಹೇಳಲಿ. ಜನ ಕುರ್ಚಿ ಮುರಿದರು. ಕೋಚ್ ನೆಲದ ಮೇಲೆ ಕೂತು ತಲೆ ಮೇಲೆ ಕೈ ಹೊತ್ತರು. ಹೊಸಬ ಗೆದ್ದವನೋ ಸೋತವನೋ ತಿಳಿಯದೆ ಕಣ್ಣೀರು ಹಾಕಿಕೊಂಡು, "ಟವೆಲ್ ಮೇಲೆ ಗೆದ್ನಾ ನಾನು?" ಎಂದು ಸಿಕ್ಕಸಿಕ್ಕವರನ್ನು ಕೇಳಿದ. ಭಾವ ಮಾತ್ರ ನೆಟ್ಟಗೆ ಮನೆಗೆ ಬಂದು, ಗೋಡೆ ಕಡೆ ತಿರುಗಿ ಮಲಗಿದರು. ಬಹಳ ದಿನ ಅಕ್ಕನ ಜೊತೆ ಮಾತು ಬಿಟ್ಟರು. ದಾರಿಯಲ್ಲಿ ಹೋಗುವವರು ಲಾಂಡ್ರಿಯ ಬಾಗಿಲಲ್ಲಿ ಇಣುಕಿ, "ಅಮ್ಮಾ, ಟವೆಲ್ ಭದ್ರ" ಎಂದು ರೇಗಿಸುತ್ತಿದ್ದರು. ಸ್ವಂತ ಮಗಳೇ ಫೋನ್ ಮಾಡಿ, "ಅಪ್ಪನ ಮರ್ಯಾದೆ ತೆಗೆದ್ಯಲ್ಲಮ್ಮ" ಎಂದಳು. ಅಕ್ಕ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು.

"ನನ್ನ ಹತ್ರ ಆದ್ರೂ ನಿಜ ಹೇಳಕ್ಕ," ಎಂದೆ ಒಂದು ದಿನ.

"ನಿಜಾನೇ ಕಣೋ. ಕೈ ಜಾರಿತು." ಹಾಗೆನ್ನುತ್ತಲೇ, ನನ್ನ ಮುಖದಿಂದ ಕಣ್ಣು ಕೀಳದೆ, ಒಂದು ಟವೆಲನ್ನು ಮೇಲಿನ ಗೂಡಿಗೆ ಕಳಿಸಿದಳು. ಅದು ಹೋಗಿ ಗೂಡಿನಲ್ಲಿ ಕೂತಿತು.

ಭಾವನ ಸಿಟ್ಟು ಇಳಿದದ್ದು ನನ್ನ ಅಂಗಡಿಯಲ್ಲಿ. ಕುರ್ಚಿಗಾಗಿ ಕಾಯುತ್ತಿದ್ದ ಒಬ್ಬ, "ನೀವು ಗೆಲ್ತಾ ಇದ್ರಿ ಸಾರ್, ಅನ್ಯಾಯ ಆಯ್ತು" ಎಂದ. ಇನ್ನೊಬ್ಬ, "ಇನ್ನೊಂದೇ ರೌಂಡು, ಆ ಹುಡುಗ ಮಲಗಿಬಿಡ್ತಿದ್ದ" ಎಂದ. ಭಾವನ ಬೆನ್ನು ನೆಟ್ಟಗಾಯಿತು. ಹೇಗೆ ಮಲಗಿಸುತ್ತಿದ್ದೆ ಎಂದು ಕೂತಲ್ಲೇ ತೋರಿಸಿದರು. ಮಾರನೆಯ ದಿನ ಗಡ್ಡ ಬೆಳೆದಿರದಿದ್ದರೂ ಬಂದರು. ಅದರ ಮಾರನೆಯ ದಿನವೂ ಬಂದರು. ಆ ನಾಲ್ಕನೇ ರೌಂಡು, ನಡೆಯದೇ ಹೋದ ರೌಂಡು, ದಿನದಿಂದ ದಿನಕ್ಕೆ ಬೆಳೆಯಿತು. ಮೊದಲು ಹೊಸಬ ಮಂಡಿಯೂರಿದ, ಆಮೇಲೆ ಅಂಗಾತ ಬಿದ್ದ, ಈಚೆಗೆ ಅವನನ್ನು ಎತ್ತಿಕೊಂಡು ಹೋಗಬೇಕಾಯಿತು. ನಾನು ಹೂಂ ಎಂದೆ, ಕೆಮ್ಮಿದೆ.

ಅಷ್ಟರಲ್ಲಿ ಸಾಹುಕಾರರು ಮತ್ತೆ ಬಂದರು, ಖುದ್ದು ಲಾಂಡ್ರಿಗೇ. ಜನ ಕೇಳುತ್ತಿದ್ದಾರೆ, ಆ ಹೊಸಬನೂ ಬೇಡಿಕೊಳ್ಳುತ್ತಿದ್ದಾನೆ, ಅದೇ ಜೋಡಿ ಇನ್ನೊಂದು ಸಲ ಆಗಲಿ ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಅಕ್ಕನ ಕೈ ಮೇಜಿನ ಮೇಲೆ ನಿಂತುಬಿಟ್ಟಿತು. ಅವಳ ಮುಖ ಬಿಳುಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟೆಲ್ಲ ಬೈಗುಳ ತಿಂದದ್ದು ನೀರಲ್ಲಿ ಹೋಮವಾಯಿತು ಎಂದುಕೊಂಡೆ.

ಭಾವ ನಿಧಾನವಾಗಿ ಎದ್ದು ನಿಂತರು.

"ಏನ್ ಸಾಹುಕಾರ್ರೇ, ಗೆದ್ದ ಪಂದ್ಯಾನ ಇನ್ನೊಂದು ಸಲ ಗೆಲ್ಲಬೇಕಾ ನಾನು?" ಎಂದರು. "ಗೆದ್ದಿದ್ದು ಎಲ್ರಿಗೂ ಗೊತ್ತು. ಕಾಗದದಲ್ಲಿ ಏನಾದ್ರೂ ಬರ್ಕೊಳ್ಳಿ. ಆ ಹುಡುಗನ್ನ ಬಾಳಕ್ಕೆ ಬಿಡಿ, ಪಾಪ."

ಸಾಹುಕಾರರು ಬಂದ ದಾರಿ ಹಿಡಿದು ಹೋದರು. ಅಕ್ಕ ಮುಖ ತಿರುಗಿಸಿ, ಒಗೆದ ಹಾಸಿಗೆ ಬಟ್ಟೆಯ ರಾಶಿಯಲ್ಲಿ ಏನೋ ಹುಡುಕತೊಡಗಿದಳು. ಬಹಳ ಹೊತ್ತು ಹುಡುಕಿದಳು.

ಈಗ ಭಾವ ಲಾಂಡ್ರಿಯಲ್ಲೇ ಇರುತ್ತಾರೆ. ಗೂಡುಗಳ ಮುಂದೆ ನಿಲ್ಲುತ್ತಾರೆ, ಅಕ್ಕ ಎಸೆದದ್ದನ್ನು ಹಿಡಿದು ಜೋಡಿಸುತ್ತಾರೆ. ಹಾಗೆ ಹಿಡಿಯುವ ಅಗತ್ಯವೇ ಇಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲ. ಮೊದಲ ದಿನ ಅಕ್ಕ ಅವರ ಕೈಗೆಂದೇ ಎಸೆದ ಒಂದು ಟವೆಲ್ಲು ಭಾವನ ಎಡ ಭುಜದ ಪಕ್ಕದಿಂದ ಹೋಗಿ ನೆಲಕ್ಕೆ ಬಿತ್ತು. ಅವರ ಕೈ ಮೇಲೇಳಲೇ ಇಲ್ಲ. ಬಿದ್ದ ಸದ್ದಿಗೆ ತಿರುಗಿ ನೋಡಿದರು, ಬಗ್ಗಿ ಎತ್ತಿಕೊಂಡು ದೂಳು ಕೊಡವಿದರು.

"ನಿನ್ನ ಗುರಿ ನೆಟ್ಟಗಿಲ್ಲ ಕಣೇ," ಎಂದರು. "ಅವತ್ತೂ ಹೀಗೇ ಆಗಿದ್ದು."

"ಹೂಂ ರೀ, ನನ್ನ ಗುರಿ ಮೊದಲಿಂದ್ಲೂ ಅಷ್ಟಕ್ಕಷ್ಟೇ," ಎಂದಳು ಅಕ್ಕ.

ಅಂದಿನಿಂದ ಅವಳು ಎಸೆಯುವ ಟವೆಲ್ಲುಗಳೆಲ್ಲ ಭಾವನ ಬಲಗಡೆಗೇ ಹೋಗುತ್ತಿವೆ. ಒಂದೂ ಬೀಳುವುದಿಲ್ಲ. ಮೊನ್ನೆ ನಾನು ಹೋದಾಗ ಭಾವ ಒಂದನ್ನು ಗಾಳಿಯಲ್ಲೇ ಹಿಡಿದು, ನನ್ನ ಕಡೆ ತಿರುಗಿ, "ನೋಡಿದ್ಯೇನೋ, ನಾನು ಹೇಳಿಕೊಟ್ಟ ಮೇಲೆ ನಿಮ್ಮಕ್ಕ ಎಷ್ಟು ಸುಧಾರಿಸಿದ್ದಾಳೆ?" ಎಂದರು.

ಅಕ್ಕ ಮೇಜಿನ ಹಿಂದೆ ತಲೆ ಬಗ್ಗಿಸಿ ಇನ್ನೊಂದನ್ನು ಮಡಚುತ್ತಿದ್ದಳು. ನಾನು ಹೂಂ ಎಂದೆ. ಆ ದಿನ ಕೆಮ್ಮಲಿಲ್ಲ.