ಗೋಡೆಯೊಳಗೆ ಹೋದ ಪೈಪು

ಹಳೆಯ ಎಣ್ಣೆ ಬಾಯ್ಲರನ್ನು ಕಿತ್ತು ವಿದ್ಯುತ್ ಬಾಯ್ಲರ್ ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾದಾಗ ಹೆಚ್ಚು ಗೊಣಗಿದವರು ಅತ್ತೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಚಳಿಗಾಲವೆಂದರೆ ಆ ಕಬ್ಬಿಣದ ಪೆಟ್ಟಿಗೆಯ ಗುರುಗುರು ಸದ್ದು. ಹೊಸದು ಗೋಡೆಗೆ ತೂಗುಹಾಕುವ ಬಿಳಿ ಡಬ್ಬ, ಸದ್ದೇ ಬರುವುದಿಲ್ಲ ಎಂದು ಸೊಸೆ ವಿವರಿಸಿದರೆ, "ಬದುಕಿದ್ಯೋ ಸತ್ತಿದ್ಯೋ ಅಂತ ತಿಳ್ಕೊಳ್ಳೋದು ಹೇಗಮ್ಮ?" ಎಂದರು.

ಸೊಸೆಯ ಆಸೆಯೇ ಬೇರೆ. ಯಾವುದು ಹೇಗೆ ನಡೆಯುತ್ತದೆಂದು ಒಳಗಿಣುಕಿ ನೋಡದಿದ್ದರೆ ಅವಳಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಗಂಡ ಕೆಲಸಕ್ಕೆ ಹೋದ. ಇವಳು ರಜೆ ಹಾಕಿ ಮೇಸ್ತ್ರಿಯ ಬೆನ್ನಿಗೇ ನಿಂತಳು.

ಮೇಸ್ತ್ರಿ ಮೀಟರ್ ಬೋರ್ಡಿನಿಂದ ಹೊಸ ಬಾಯ್ಲರಿಗೆಂದೇ ದಪ್ಪ ವೈರೊಂದನ್ನು ಎಳೆದು, ಅದರದೇ ಸ್ವಿಚ್ ಕೂರಿಸಿದ. ಆಮೇಲೆ ಹಳೆಯದನ್ನು ಆರಿಸಿ, ಬಿಸಿನೀರು ಹರಿದು ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಲ್ಲಿದ್ದ ನೀರನ್ನು ರಬ್ಬರ್ ಪೈಪಿನಲ್ಲಿ ಬಚ್ಚಲಿಗೆ ಬಿಟ್ಟ. ಇದ್ದಿಲು ಕದಡಿದಂಥ ಕಪ್ಪು ನೀರು. ಬರುತ್ತಲೇ ಇತ್ತು.

"ಅಕ್ಕಾ, ನಿಮ್ಮನೇಲಿ ರೇಡಿಯೇಟರ್ ಇಷ್ಟೇನಾ? ಎಲ್ಲಾದ್ರೂ ಒಂದು ಬಚ್ಚಿಟ್ಟಿಲ್ಲ ತಾನೆ?"

"ಇಲ್ವಲ್ಲ. ಯಾಕೆ?"

"ನೀರಿನ ಲೆಕ್ಕ ಕೂಡ್ತಾ ಇಲ್ಲ."

ಹಳೆಯ ಬಾಯ್ಲರನ್ನು ಬಿಚ್ಚಿ ಹೊರಗೆ ಸಾಗಿಸಿದ ಮೇಲೆ ಅದರ ಬೆನ್ನ ಹಿಂದಿದ್ದದ್ದು ಕಾಣಿಸಿತು. ಮನೆಯ ಕೋಣೆಗಳಿಗೆ ಹೋಗುವ ಪೈಪುಗಳಲ್ಲದೆ ಇನ್ನೊಂದು ಜೋಡಿ, ನೆಲದ ಮಟ್ಟದಲ್ಲೇ ಪಕ್ಕದ ಗೋಡೆಯೊಳಗೆ ನುಗ್ಗಿತ್ತು. ಸೊಸೆ ಮಂಡಿಯೂರಿ ಟಾರ್ಚ್ ಹಿಡಿದಳು. ಮೇಸ್ತ್ರಿ ಸ್ಪ್ಯಾನರಿನಿಂದ ಪೈಪಿಗೆ ಠಕ್ ಠಕ್ ಎಂದು ಬಡಿದು ಕಿವಿಗೊಟ್ಟ. ಸದ್ದು ದೂರ ಹೋಗುತ್ತಿತ್ತು.

"ಗೋಡೆ ಆಚೆ ಏನಿದೆಯಮ್ಮ?" ಎಂದು ಅತ್ತೆಯನ್ನು ಕೇಳಿದ.

"ಇನ್ನೇನು, ಬ್ರೆಡ್ಡಕ್ಕನ ಅಡುಗೆಮನೆ."

ಬ್ರೆಡ್ಡಕ್ಕ ಪಕ್ಕದ ಮನೆಯಾಕೆ. ಬೀದಿಯ ಅರ್ಧ ಮನೆಗಳಿಗೆ ಬ್ರೆಡ್ಡು ಅವಳದೇ. ಅದು ಹತ್ತಿಯಂತೆ ಉಬ್ಬಿರುತ್ತಿತ್ತು. ಹೇಗೆ ಮಾಡುತ್ತೀರೆಂದು ಯಾರು ಕೇಳಿದರೂ ಮುಚ್ಚುಮರೆಯಿಲ್ಲದೆ ಹೇಳಿಕೊಡುತ್ತಿದ್ದಳು; ಮಾಡಿ ನೋಡಿದವರಿಗೆ ಮಾತ್ರ ಹಾಗೆ ಬರುತ್ತಿರಲಿಲ್ಲ. ಎಲ್ಲ ಅವಳ ಕೈಗುಣ ಎಂದು ಜನ ಸುಮ್ಮನಾಗಿದ್ದರು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನೋಡಿದರೆ ಬ್ರೆಡ್ಡಕ್ಕನೇ, ಕಂಕುಳಲ್ಲಿ ಹಿಟ್ಟಿನ ಪಾತ್ರೆ ಇಟ್ಟುಕೊಂಡು ನಿಂತಿದ್ದಳು.

"ಏನ್ರೇ ಅದು ಠಕಠಕ? ನನ್ನ ಬೀರುವಿನೊಳಗೇ ಯಾರೋ ಬಡಿದ ಹಾಗಿದೆ. ಹಿಟ್ಟು ಬೇರೆ ಇವತ್ತು ಮಲ್ಕೊಂಡ್ಬಿಟ್ಟಿದೆ ನೋಡಿ. ಯಾರ ಕಣ್ಣು ಬಿತ್ತೋ!"

ಸೊಸೆ ಹಿಟ್ಟನ್ನು ನೋಡಿದಳು, ಪೈಪನ್ನು ನೋಡಿದಳು. "ಅಕ್ಕಾ, ಹಿಟ್ಟನ್ನ ಉಬ್ಬೋಕೆ ಎಲ್ಲಿ ಇಡ್ತೀರ?"

"ಗೋಡೆ ಬೀರುವಿನಲ್ಲಿ. ಯಾವಾಗ್ಲೂ ಅಲ್ಲೇ. ಯಾಕೆ?"

ನಾಲ್ವರೂ ಪಕ್ಕದ ಮನೆಗೆ ನಡೆದರು. ಬೀರುವಿನ ಕೆಳಗಿನ ಹಲಗೆಯ ಸ್ಕ್ರೂಗಳನ್ನು ಮೇಸ್ತ್ರಿ ಬಿಚ್ಚಿದ. ಹಲಗೆ ಎತ್ತಿದವಳು ಸೊಸೆ. ಕೆಳಗೆ ಧೂಳು ಮೆತ್ತಿದ ಹಳೆಯ ರೇಡಿಯೇಟರೊಂದು ಬೆಕ್ಕಿನ ಹಾಗೆ ಮುದುರಿ ಕುಳಿತಿತ್ತು. ಮುಟ್ಟಿದರೆ ತಣ್ಣಗೆ.

ಅತ್ತೆ ಹಣೆ ಚಚ್ಚಿಕೊಂಡರು. "ನಮ್ಮ ಮಾವನ ಕಾಲದಲ್ಲಿ ಇವೆರಡೂ ಒಂದೇ ಮನೆ ಕಣೆ. ಅಣ್ಣತಮ್ಮ ಬೇರೆಯಾದಾಗ ನಡುವೆ ಗೋಡೆ ಎಬ್ಬಿಸಿದ್ರು. ಆಮೇಲೆ ಈ ಭಾಗ ನಿಮ್ಮವರು ಕೊಂಡ್ರು. ಚಮಚ ಸೌಟಿಗೂ ಜಗಳ ಆಡಿ ಹಂಚ್ಕೊಂಡೋರು, ಪೈಪು ಹಂಚ್ಕೊಳ್ಳೋದನ್ನ ಮರೆತಿದ್ದಾರೆ!" ಎಂದು ನಕ್ಕರು. ನಗುವಿನ ಭರದಲ್ಲಿ, "ಅಂತೂ ಬೆಂಕಿ ನಮ್ದು, ಹೆಸರು ನಿಂದು!" ಎಂದೂ ಸೇರಿಸಿದರು.

ಬ್ರೆಡ್ಡಕ್ಕ ನಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಹಾಗಾದ್ರೆ ಎಲ್ಲಾರೂ ಕೈಗುಣ ಕೈಗುಣ ಅಂತಿದ್ದದ್ದು ಈ ತುಕ್ಕು ಡಬ್ಬಿದಾ?"

ಅತ್ತೆಯ ನಗು ಅಲ್ಲಿಗೇ ನಿಂತಿತು. ಸೊಸೆಗೂ ಹಲಗೆ ಎತ್ತಬಾರದಿತ್ತು ಅನ್ನಿಸಿತು. ಮೇಸ್ತ್ರಿಯೇ ಬಾಯಿ ಬಿಟ್ಟ. "ಇದಕ್ಕೇನು ಮಹಾ, ಒಂದು ವಾಲ್ವ್ ಹಾಕಿ ಈ ಲೈನನ್ನೂ ಹೊಸದಕ್ಕೆ ಸೇರಿಸ್ತೀನಿ."

"ಸೇರಿಸಪ್ಪ, ಸೇರಿಸು," ಎಂದರು ಅತ್ತೆ.

"ಬೇಡ. ಮುಚ್ಚಿಬಿಡು," ಎಂದಳು ಬ್ರೆಡ್ಡಕ್ಕ. "ಕೈ ನಂದೋ ಪೈಪಿಂದೋ, ನನಗೂ ಗೊತ್ತಾಗ್ಲಿ."

ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಮೇಸ್ತ್ರಿ ಆ ಜೋಡಿ ಪೈಪಿನ ಬಾಯಿಗಳಿಗೆ ಮುಚ್ಚಳ ಬಿಗಿದ.

ಸಂಜೆಯ ಹೊತ್ತಿಗೆ ಬಿಳಿ ಡಬ್ಬ ಗೋಡೆಯೇರಿತು. ನೀರು ತುಂಬಿಸಿ ಒಂದೊಂದೇ ರೇಡಿಯೇಟರಿನಿಂದ ಗಾಳಿ ಬಿಟ್ಟಾಗ ಅದು ಹಾವಿನಂತೆ ಬುಸುಗುಟ್ಟಿತು. ಸ್ವಿಚ್ ಹಾಕಿದರು. ಸೊಸೆ ಕೋಣೆಯಿಂದ ಕೋಣೆಗೆ ಓಡಿ, ಬಿಸಿ ಎಲ್ಲಿಯವರೆಗೆ ಬಂತೆಂದು ಪೈಪು ಸವರಿ ನೋಡಿದಳು. ಅತ್ತೆ ಡಬ್ಬಕ್ಕೆ ಕಿವಿಯಿಟ್ಟು ಮುಖ ಸೊಟ್ಟಗೆ ಮಾಡಿದರು. ಆಮೇಲೆ ನಲ್ಲಿ ತಿರುಗಿಸಿದರು. ಬಂದ ನೀರಿಗೆ ಕೈಯೊಡ್ಡಿ ಚುರುಕ್ಕೆಂದು ಹಿಂದಕ್ಕೆಳೆದುಕೊಂಡರು. "ಗುಮ್ಮನಗುಸ್ಕ! ಪರವಾಗಿಲ್ಲ, ಕೆಲ್ಸ ಮಾಡತ್ತೆ."

ಮುಂದಿನ ಕೆಲವು ದಿನ ಬೀದಿಯಲ್ಲಿ ಬ್ರೆಡ್ಡಿಲ್ಲ. ಬ್ರೆಡ್ಡಕ್ಕ ಹೊರಗೂ ಕಾಣಿಸಲಿಲ್ಲ. ಕುತೂಹಲಕ್ಕಿಂತ ಅಳುಕೇ ಹೆಚ್ಚಾಗಿ ಸೊಸೆ ಒಂದು ಮಧ್ಯಾಹ್ನ ಅವಳ ಮನೆಗೆ ಹೋದಳು.

ಅಡುಗೆಮನೆ ರಣರಂಗವಾಗಿತ್ತು. ಫ್ರಿಜ್ಜಿನ ತಲೆಯ ಮೇಲೊಂದು ಹಿಟ್ಟಿನ ಪಾತ್ರೆ, ಕಿಟಕಿಯಲ್ಲೊಂದು, ಕಂಬಳಿ ಹೊದ್ದದ್ದು ಇನ್ನೊಂದು. ಬ್ರೆಡ್ಡಕ್ಕನ ಹುಬ್ಬಿನವರೆಗೂ ಹಿಟ್ಟು. ಕಣ್ಣು ಮಾತ್ರ ಫಳಫಳ.

"ಬಾರೆ, ಬಾ! ಮೊದಲ ಮೂರು ದಿನ ಕಲ್ಲು. ನಾಯಿ ಮೂಸಿ ಹೋಯ್ತು. ಆಮೇಲೆ ತಲೆ ಓಡ್ಸಿದೆ. ಇಷ್ಟು ವರ್ಷ ಕೈ ತಾನಾಗೇ ನಾದ್ತಿತ್ತು, ನಾನೆಲ್ಲೋ ನೋಡ್ತಿದ್ದೆ. ಈಗ ಯಾಕೆ ಉಬ್ಬತ್ತೆ, ಯಾಕೆ ಉಬ್ಬಲ್ಲ ಅಂತ ಕಾಯ್ತಾ ಕೂರ್ತೀನಿ. ತಣ್ಣಗಿದ್ರೆ ಹಿಟ್ಟು ಸೋಮಾರಿ ಆಗತ್ತೆ ಕಣೆ, ಸಾಯಲ್ಲ. ಯೀಸ್ಟ್ ಕಮ್ಮಿ ಮಾಡಿ, ಒಂದು ದಿನ ಪೂರ್ತಿ ಬಿಟ್ಟೆ."

ಅವಳು ಕೊಯ್ದು ಕೊಟ್ಟ ಬ್ರೆಡ್ಡಿನ ತುಂಡಿನಲ್ಲಿ ದೊಡ್ಡ ದೊಡ್ಡ ತೂತುಗಳಿದ್ದವು. ಸೊಸೆ ಅಗಿದಳು. ಗಟ್ಟಿ ಹೊರಪದರ, ಒಳಗೆ ತೆಳುವಾದ ಹುಳಿ.

"ದಾಕ್ಷಿಣ್ಯಕ್ಕೆ ಹೇಳ್ಬೇಡ."

"ರುಚಿ ಹಳೇದಕ್ಕಿಂತ ಜಾಸ್ತಿ. ಆಕಾರ ಮಾತ್ರ ಯಾರೋ ಮೇಲೆ ಕೂತೆದ್ದ ಹಾಗಿದೆ."

ಬ್ರೆಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹತ್ತಿಯಂಥದ್ದೇ ಬೇಕೆಂದು ಬೀದಿಯ ಕೆಲವರು ಮುನಿಸಿಕೊಂಡು ಅಂಗಡಿಯ ಬ್ರೆಡ್ಡಿಗೆ ಹೊರಳಿದರು. ಉಳಿದವರು ಹಿಂದಿನ ದಿನವೇ ಹೇಳಿಟ್ಟು ಕೊಂಡರು. ಹಲಗೆ ತೆಗೆದ ಆ ಬೀರುವಿನಲ್ಲಿ ಬ್ರೆಡ್ಡಕ್ಕ ಈಗ ಈರುಳ್ಳಿ ಇಡುತ್ತಾಳೆ.